ಕತ್ತಲೆಯೊಳಗಿನ ಕಪ್ಪು: ಕರ್ನಾಟಕದಿಂದ ಕಪ್ಪು ನೀಹಾರಿಕೆ ನೋಡುವ ಕ್ರಮ

‘ಬೈನಾಕ್ಯುಲರ್ ಕೊಂಡೆ, ಊರಾಚೆ ಹೋದೆ, ಆ್ಯಪ್ ತೋರಿಸಿದ ಕಡೆಗೇ ಹಿಡಿದೆ, ಏನೂ ಕಾಣಲಿಲ್ಲ.’ ಕಪ್ಪು ನೀಹಾರಿಕೆಗಳ ಬಗ್ಗೆ ಓದುಗರು ಕೇಳುವುದು ಹೆಚ್ಚಾಗಿ ಇದನ್ನೇ. ಇಲ್ಲಿ ನೋಡಬೇಕಾದದ್ದೇ ಆ ‘ಏನೂ ಇಲ್ಲ’. ಆದರೆ ಅದು ಇರಬೇಕಾದ ಜಾಗದಲ್ಲಿರಬೇಕು, ಅದರ ಸುತ್ತ ಬೇಕಾದಷ್ಟು ನಕ್ಷತ್ರಗಳಿರಬೇಕು. ಗೋಡೆಗೆ ಬೆಳಕು ಬಿದ್ದಿದ್ದರೆ ತಾನೇ ನೆರಳು ಕಾಣುವುದು? ಆಕಾಶಗಂಗೆಯ ಬೆಳಕೇ ಇಲ್ಲಿ ಗೋಡೆ. ಗೋಡೆ ಕಾಣದ ಜಾಗದಿಂದ ನೆರಳು ಹುಡುಕಲು ಹೋಗುವವರೇ ಬರಿಗೈಲಿ ವಾಪಸಾಗುವುದು. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ವಸ್ತುವಿನ ಪರಿಚಯ. ನಕ್ಷತ್ರಗಳ ನಡುವಿನ ಜಾಗದಲ್ಲಿ ತಣ್ಣಗಿನ ಅನಿಲ ಮತ್ತು ದೂಳಿನ ಮೋಡಗಳಿವೆ, ಹಿಂದಿನ ನಕ್ಷತ್ರಗಳನ್ನು ಮರೆಮಾಡುವ ಇವೇ ಕಪ್ಪು ನೀಹಾರಿಕೆಗಳು. ತೂಕದ ಲೆಕ್ಕದಲ್ಲಿ ದೂಳು ಸುಮಾರು ಶೇ 1, ಉಳಿದದ್ದು ಬಹುಪಾಲು ಹೈಡ್ರೋಜನ್ ಅಣು, ಜೊತೆಗೆ ಹೀಲಿಯಂ. ಆದರೆ ಬೆಳಕನ್ನು ತಡೆಯುವುದು ಆ ಶೇ 1ರ ದೂಳೇ. ಸಿಲಿಕೇಟ್ ಮತ್ತು ಇಂಗಾಲದ ಕಣಗಳು, ಒಂದೊಂದೂ ಸುಮಾರು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅಡುಗೆಮನೆಯ ಹೊಗೆಯ ಕಣಕ್ಕೆ ಹೋಲಿಸಬಹುದು, ಮನೆಯ ದೂಳಿಗಲ್ಲ. ಮೋಡದ ಒಳಗಿನ ತಾಪಮಾನ ಸುಮಾರು 10 ಕೆಲ್ವಿನ್, ಅಂದರೆ ಮೈನಸ್ 263 ಡಿಗ್ರಿ ಸೆಲ್ಸಿಯಸ್. ‘ದಟ್ಟ ಮೋಡ’ ಎನ್ನುತ್ತೇವೆ, ಆದರೆ ಅದರ ದಟ್ಟ ತಿರುಳಿನಲ್ಲೂ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರದಿಂದ ಹತ್ತು ಲಕ್ಷದಷ್ಟು ಅಣುಗಳು ಮಾತ್ರ. ನಾವು ಉಸಿರಾಡುವ ಗಾಳಿಯ ಮುಂದೆ ಅದು ಬರೀ ನಿರ್ವಾತ. ಇಷ್ಟು ತೆಳುವಾಗಿದ್ದೂ ಹಿಂದಿನ ನಕ್ಷತ್ರಗಳನ್ನು ಮುಚ್ಚಲು ಸಾಧ್ಯವಾಗುವುದು ಮೋಡ ಜ್ಯೋತಿರ್ವರ್ಷಗಟ್ಟಲೆ ಹಬ್ಬಿರುವುದರಿಂದ.

ಎಷ್ಟು ಮುಚ್ಚುತ್ತದೆ ಎಂದು ಹೇಳಲು ಕಾಂತಿಮಾನದ ಅಳತೆ ಬೇಕು. ನಕ್ಷತ್ರದ ಹೊಳಪನ್ನು ಹೇಳುವ ಅಂಕಿ ಅದು, ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂದ. ಐದು ಅಂಕಿಗೆ ಹೊಳಪು ನೂರು ಪಟ್ಟು ಇಳಿಯುತ್ತದೆ. ಉರಗಧರ ರಾಶಿಯಲ್ಲಿರುವ ಬಾರ್ನಾರ್ಡ್ 68 ಎಂಬ ಪುಟ್ಟ ಮೋಡದ ನಡುಭಾಗ ಹಿಂದಿನ ಬೆಳಕನ್ನು ಸುಮಾರು 30 ಕಾಂತಿಮಾನದಷ್ಟು ತಗ್ಗಿಸುತ್ತದೆ. ಲಕ್ಷ ಕೋಟಿ ಪಟ್ಟು! ಅದೇ ಮೋಡವನ್ನು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಹಿಂದಿನ ನಕ್ಷತ್ರಗಳು ಕಾಣುತ್ತವೆ. ಸಣ್ಣ ದೂಳು ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ, ಅವಕೆಂಪನ್ನು ಇನ್ನೂ ಕಡಿಮೆ ತಡೆಯುತ್ತದೆ. ಮುಳುಗುವ ಸೂರ್ಯ ಕೆಂಪಾಗಿ ಕಾಣುವುದಕ್ಕೂ ಹೆಚ್ಚುಕಡಿಮೆ ಇದೇ ಕಾರಣ.

ಹೆಸರುಗಳ ಬಗ್ಗೆಯೂ ಎರಡು ಮಾತು. ‘ಬಾರ್ನಾರ್ಡ್’ ಎಂದು ಶುರುವಾಗುವ ಸಂಖ್ಯೆಗಳು ಅಮೆರಿಕದ ಖಗೋಳಜ್ಞ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಮಾಡಿದ ಪಟ್ಟಿಯವು. 1919ರಲ್ಲಿ ಅವರು 182 ಕಪ್ಪು ಗುರುತುಗಳನ್ನು ಪಟ್ಟಿಮಾಡಿದರು, ವಿಸ್ತರಿಸಿದ ಪಟ್ಟಿ ಅವರ ಮರಣಾನಂತರ 1927ರಲ್ಲಿ ಬಂತು. ‘ಎಲ್‌ಡಿಎನ್’ ಎಂದಿದ್ದರೆ ಅದು ಬೆವರ್ಲಿ ಲಿಂಡ್ಸ್ 1962ರಲ್ಲಿ ಪ್ರಕಟಿಸಿದ ಪಟ್ಟಿ. ಲಿಂಡ್ಸ್ ಪ್ರತಿ ಮೋಡಕ್ಕೂ 1ರಿಂದ 6ರವರೆಗೆ ಅಪಾರದರ್ಶಕತೆಯ ಅಂಕ ಕೊಟ್ಟಿದ್ದಾರೆ. 6 ಎಂದರೆ ಅತಿ ಕಪ್ಪು. ಕಣ್ಣಿನಲ್ಲಿ ನೋಡುವವರು 5, 6 ಇರುವುದನ್ನೇ ಆರಿಸಿಕೊಳ್ಳಿ. 3ಕ್ಕಿಂತ ಕೆಳಗಿನದ್ದು ಕ್ಯಾಮೆರಾದವರ ಪಾಲು.

ಬೇಕಾಗುವ ಸಾಮಾನು

7×50 ಅಥವಾ 10×50 ಬೈನಾಕ್ಯುಲರ್. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 7×50ಕ್ಕೆ ಸುಮಾರು 7 ಮಿ.ಮೀ., 10×50ಕ್ಕೆ 5. ಐವತ್ತು ದಾಟಿದವರ ಕಣ್ಣಿನ ಪಾಪೆ ಕತ್ತಲಲ್ಲೂ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸಿಗಿಂತ ಹೆಚ್ಚು ಅರಳುವುದಿಲ್ಲ, ಹಾಗಾಗಿ ಅವರಿಗೆ 10×50 ಸಾಕು. 20×80ರಂಥ ದೊಡ್ಡದನ್ನು ಮೊದಲ ಖರೀದಿಯಾಗಿ ಕೊಳ್ಳಬೇಡಿ. ನೋಟದ ಹರವು ಕಿರಿದಾದರೆ ಮೋಡದ ಅಂಚು ಚೌಕಟ್ಟಿನಾಚೆ ಹೋಗುತ್ತದೆ, ಅಂಚು ಕಾಣದ ಕಪ್ಪು ಬರೀ ಆಕಾಶದ ಹಾಗೇ ಇರುತ್ತದೆ.

ಟೆಲಿಸ್ಕೋಪ್ ಇದ್ದರೆ ಇರುವುದರಲ್ಲಿ ಅತಿ ಕಡಿಮೆ ಹಿಗ್ಗಿಸುವ ಐಪೀಸ್ (ಕಣ್ಣಿಡುವ ಮಸೂರ) ಬಳಸಿ. 8 ಇಂಚಿನ, 1200 ಮಿ.ಮೀ. ನಾಭಿದೂರದ (ಫೋಕಲ್ ಲೆಂತ್) ಡಾಬ್ಸೋನಿಯನ್ ಟೆಲಿಸ್ಕೋಪಿಗೆ 30 ಮಿ.ಮೀ. ಐಪೀಸ್ ಹಾಕಿದರೆ 40 ಪಟ್ಟು ಬರುತ್ತದೆ, ನೋಟದ ಹರವು ಸುಮಾರು 1.3 ಡಿಗ್ರಿ, ಅಂದರೆ ಎರಡೂವರೆ ಪೂರ್ಣಚಂದ್ರರಷ್ಟು ಅಗಲ.

ಇನ್ನು ಕೆಂಪು ಬೆಳಕಿನ ಟಾರ್ಚ್ (ಸಾಮಾನ್ಯ ಟಾರ್ಚಿಗೆ ಎರಡು ಮೂರು ಪದರ ಕೆಂಪು ಕಾಗದ ಸುತ್ತಿದರೂ ನಡೆಯುತ್ತದೆ), ಚಾಪೆ ಅಥವಾ ಒರಗುಕುರ್ಚಿ, ಶಾಲು, ಫೋನಿನಲ್ಲಿ ಸ್ಟೆಲ್ಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್. ಅಕ್ಟೋಬರಿನಿಂದ ಜನವರಿವರೆಗೆ ಇಬ್ಬನಿ ಮಸೂರದ ಮೇಲೆ ಕೂರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಕಪ್ಪು ಡ್ರಾಯಿಂಗ್ ಹಾಳೆ ಸುರುಳಿ ಸುತ್ತಿ ಮಸೂರದ ಮುಂದೆ ಒಂದೂವರೆ ವ್ಯಾಸದಷ್ಟು ಚಾಚುವಂತೆ ರಬ್ಬರ್ ಬ್ಯಾಂಡ್ ಹಾಕಿ. ಇಬ್ಬನಿ ಗಂಟೆಗಟ್ಟಲೆ ತಡವಾಗುತ್ತದೆ.

ಕೊಳ್ಳಬಾರದ್ದನ್ನೂ ಹೇಳಬೇಕು: ‘ನೀಹಾರಿಕೆ ಫಿಲ್ಟರ್’. ಅದು ಹೊಳೆಯುವ ಅನಿಲದ ಕೆಲವೇ ಬಣ್ಣಗಳನ್ನು ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುತ್ತದೆ. ನಮಗೆ ಬೇಕಾದ್ದು ಹಿನ್ನೆಲೆಯ ನಕ್ಷತ್ರಗಳ ಬೆಳಕು, ಫಿಲ್ಟರ್ ಮೊದಲು ತಿನ್ನುವುದು ಅದನ್ನೇ. ಒಂದು ಅಪವಾದ ಕುದುರೆ ತಲೆ ನೀಹಾರಿಕೆ, ಕೊನೆಯ ಹಂತಗಳಲ್ಲಿ ಬರುತ್ತದೆ.

ಹಂತ 1: ತಿಂಗಳು ಮತ್ತು ಹೊತ್ತು

ದಟ್ಟ ಆಕಾಶಗಂಗೆ ಸಂಜೆಯಿಂದ ಬೆಳಗಿನವರೆಗೂ ಮೇಲಿರುವ ಜೂನ್, ಜುಲೈನಲ್ಲಿ ನಮಗೆ ಮುಂಗಾರು. ಆ ಆಸೆ ಬಿಡಿ. ನಮಗೆ ಸಿಗುವುದು ಎರಡು ಕಿಂಡಿ.

ಒಂದು, ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ ಬೆಳಗಿನ ಜಾವ. ಮಾರ್ಚ್ ನಡುವೆ ಮೂರೂವರೆಗೆ ಎದ್ದರೆ ವೃಶ್ಚಿಕ, ಧನು ಆಗ್ನೇಯದಲ್ಲಿ ಏರಿರುತ್ತವೆ. ಬೆಂಗಳೂರಿನ ಲೆಕ್ಕದಲ್ಲಿ ಮಾರ್ಚ್ ಮಧ್ಯಕ್ಕೆ ಐದೂಕಾಲಕ್ಕೇ, ಏಪ್ರಿಲ್ ಕೊನೆಗೆ ನಾಲ್ಕೂಮುಕ್ಕಾಲಕ್ಕೇ ಆಕಾಶ ಬೆಳಕಾಗತೊಡಗುತ್ತದೆ. ಕಣ್ಣಿಗೆ ಇನ್ನೂ ಕತ್ತಲೆನಿಸಿದರೂ ಕಪ್ಪು ಮೋಡ ಅಷ್ಟರಲ್ಲಿ ಮಾಯ. ಏಪ್ರಿಲ್, ಮೇ ತಿಂಗಳ ದೂಳು ಮಬ್ಬು ಇನ್ನೊಂದು ತೊಡಕು. ಸಂಜೆ ಗುಡುಗಿನ ಮಳೆ ಬಂದು ಬಿಟ್ಟ ರಾತ್ರಿಗಾಗಿ ಕಾಯಿರಿ, ಗಾಳಿ ತೊಳೆದಿಟ್ಟ ಹಾಗಿರುತ್ತದೆ.

ಎರಡು, ಅಕ್ಟೋಬರ್ ಮತ್ತು ನವೆಂಬರಿನ ಸಂಜೆ, ಏಳೂಕಾಲರ ನಂತರ. ಹಂಸ ಮತ್ತು ಗರುಡ ರಾಶಿಗಳು ತಲೆಯ ಮೇಲಿರುತ್ತವೆ. ದಕ್ಷಿಣ ಒಳನಾಡಿನಲ್ಲಿ ಹಿಂಗಾರು ಮಳೆಯ ಕಾಟವಿದೆ, ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಪುಣ್ಯವಂತರು.

ಚಂದ್ರನ ವಿಷಯಕ್ಕೆ ಗೋಡೆಯ ಪಂಚಾಂಗವೇ ಸಾಕು. ಬೆಳಗಿನ ಜಾವ ನೋಡುವವರಿಗೆ ಅಮಾವಾಸ್ಯೆಯಿಂದ ಶುಕ್ಲ ನವಮಿವರೆಗೆ ಒಳ್ಳೆಯ ದಿನಗಳು, ಚಂದ್ರ ಆಗಲೇ ಮುಳುಗಿರುತ್ತಾನೆ. ಸಂಜೆಯವರಿಗೆ ಕೃಷ್ಣ ಷಷ್ಠಿಯಿಂದ ಶುಕ್ಲ ತದಿಗೆವರೆಗೆ. ‘ಅಮಾವಾಸ್ಯೆ ಒಂದೇ ದಿನ’ ಎಂದು ಕಾದು ಕೂತು ಮೋಡ ಕವಿದರೆ ಇಡೀ ತಿಂಗಳು ಹೋಯಿತು.

ಮೋಡದ ಮಾತು ಬಂದಾಗ ನೆನಪಾಗುವವರು ಫ್ರಾನ್ಸಿನ ಖಗೋಳಜ್ಞ ಲೆ ಜಾಂಟಿ. 1769ರ ಶುಕ್ರ ಸಂಕ್ರಮಣ (ಶುಕ್ರ ಸೂರ್ಯನ ಮುಂದೆ ಹಾದುಹೋಗುವುದು) ನೋಡಲು ವರ್ಷಗಟ್ಟಲೆ ಅಲೆದು ಪುದುಚೇರಿಯಲ್ಲಿ ಬೀಡುಬಿಟ್ಟರು, ಆ ಹೊತ್ತಿಗೇ ಮೋಡ ಮುಸುಕಿತು. ಹಂಸ ರಾಶಿಯ ಒಂದು ಕಪ್ಪು ನೀಹಾರಿಕೆಗೆ ಇವತ್ತು ಅವರ ಹೆಸರಿದೆ!

ಹಂತ 2: ಜಾಗದ ಪರೀಕ್ಷೆ

ಬೆಳಕಿನ ಮಾಲಿನ್ಯದ ನಕ್ಷೆಗಳು ಅಂತರಜಾಲದಲ್ಲಿ ಸಿಗುತ್ತವೆ. ಬಾರ್ಟಲ್ ಎಂಬ ಒಂಬತ್ತು ಅಂಕಗಳ ಅಳತೆಯಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಇರುವ ಜಾಗ ಹುಡುಕಿ. ಆದರೆ ನಕ್ಷೆಯನ್ನೇ ನಂಬಿ ಕೂರಬೇಡಿ. ಹೋದ ಮೇಲೆ ಬರಿಗಣ್ಣಿನ ಪರೀಕ್ಷೆ ಒಂದಿದೆ: ಹಂಸದಿಂದ ಗರುಡದ ಕಡೆಗೆ ಬರುವ ಆಕಾಶಗಂಗೆ ನಡುವೆ ಸೀಳಿ ಎರಡು ಕವಲಾಗಿದ್ದು ಕಾಣುತ್ತದೆಯೇ? ಕಂಡರೆ ಮುಂದಿನ ಹಂತಕ್ಕೆ ಹೋಗಿ. ಆಕಾಶಗಂಗೆ ಇದೆಯೋ ಇಲ್ಲವೋ ಎಂಬ ಅನುಮಾನವೇ ಇದ್ದರೆ ಅಲ್ಲಿ ಯಾವ ಉಪಕರಣ ತಂದರೂ ಪ್ರಯೋಜನವಿಲ್ಲ.

ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದೊಡ್ಡ ಊರು ನಿಮ್ಮ ಉತ್ತರಕ್ಕಿರಲಿ, ದಕ್ಷಿಣ ಕತ್ತಲಾಗಿರಲಿ. ಬೆಂಗಳೂರಿನಿಂದ ಉತ್ತರಕ್ಕೆ ಐವತ್ತು ಕಿಲೋಮೀಟರ್ ಹೋಗಿ ದಕ್ಷಿಣ ನೋಡಿದರೆ ಕಾಣುವುದು ಬೆಂಗಳೂರಿನ ಬೆಳಕೇ.

ಕಾಡಿನೊಳಗೆ ರಾತ್ರಿ ಹೋಗಬೇಡಿ, ಅನುಮತಿಯೂ ಇರುವುದಿಲ್ಲ, ಆನೆ ಚಿರತೆಗಳಿಗೆ ಖಗೋಳದಲ್ಲಿ ಆಸಕ್ತಿಯೂ ಇಲ್ಲ. ಪರಿಚಯದವರ ತೋಟ, ಹೊಲದ ಮನೆಯ ತಾರಸಿ ಎಲ್ಲಕ್ಕಿಂತ ಉತ್ತಮ. ಊರವರಿಗೆ ಮೊದಲೇ ಹೇಳಿಟ್ಟಿರಿ. ನಡುರಾತ್ರಿ ಕೆಂಪು ಬೆಳಕು ಹಿಡಿದು ಓಡಾಡುವವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಹಂತ 3: ಕಣ್ಣು ಪಳಗಿಸುವುದು

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಕನಿಷ್ಠ ಅರ್ಧ ಗಂಟೆ. ಫೋನಿನ ಪರದೆ ಒಮ್ಮೆ ಬೆಳಗಿದರೆ ಮತ್ತೆ ಮೊದಲಿಂದ ಶುರು. ಸ್ಟೆಲ್ಲೇರಿಯಂನ ಕೆಂಪು ಪರದೆಯೂ ಪೂರ್ತಿ ಹೊಳಪಿನಲ್ಲಿದ್ದರೆ ತೊಂದರೆಯೇ, ಹೊಳಪನ್ನು ತಳಕ್ಕೆ ಇಳಿಸಿ. ಇನ್ನೂ ವಾಸಿ ಎಂದರೆ ನಕ್ಷೆಯನ್ನು ಹಗಲೇ ಕಾಗದದ ಮೇಲೆ ಬರೆದುಕೊಳ್ಳುವುದು.

ನೋಡಬೇಕಾದ ಜಾಗವನ್ನು ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ. ರೆಟಿನಾದ ನಡುಭಾಗ ಮಂದ ಬೆಳಕಿಗೆ ಕುರುಡು, ಅಂಚು ಚುರುಕು. ಜೊತೆಗೆ ಬೈನಾಕ್ಯುಲರನ್ನು ಮೆಲ್ಲಗೆ ಆಚೀಚೆ ಸರಿಸಿ. ನಿಂತ ಮಬ್ಬನ್ನು ಮೆದುಳು ಅಳಿಸಿಬಿಡುತ್ತದೆ, ಚಲಿಸುವ ಅಂಚನ್ನು ಹಿಡಿಯುತ್ತದೆ.

ಹಂತ 4: ಬರಿಗಣ್ಣಿಗೆ ಮಹಾ ಸೀಳು

ಮೊದಲ ಗುರಿ ಮಹಾ ಸೀಳು. ಅಕ್ಟೋಬರ್ ಸಂಜೆ ಹಂಸದ ಡೆನೆಬ್ ನಕ್ಷತ್ರದಿಂದ ಶುರುಮಾಡಿ ಶ್ರವಣದ ಪಕ್ಕದಿಂದ ಕೆಳಗೆ ನೈರುತ್ಯಕ್ಕೆ ಕಣ್ಣು ಹಾಯಿಸಿ. ಹೊಳೆ ನಡುಗಡ್ಡೆ ಬಳಸಿ ಹರಿದ ಹಾಗೆ ಬೆಳಕು ಎರಡಾಗಿ ಒಡೆಯುತ್ತದೆ. ಪಡುವಣ ಕವಲು ಉರಗಧರದ ಹತ್ತಿರ ಬಂದು ಕರಗಿಹೋಗುತ್ತದೆ. ಅಲ್ಲಿ ನಕ್ಷತ್ರ ಮುಗಿದದ್ದಲ್ಲ, ನೂರಾರು ಜ್ಯೋತಿರ್ವರ್ಷ ದೂರದ ದೂಳಿನ ಮೋಡಗಳ ಸಾಲು ಅಡ್ಡ ಬಂದದ್ದು. ಹದಿನೈದು ನಿಮಿಷ ಇದನ್ನೇ ನೋಡಿ. ‘ಕಪ್ಪನ್ನು ವಸ್ತುವಾಗಿ ಕಾಣುವುದು’ ಅಭ್ಯಾಸದ ಮಾತು, ಅದು ಇಲ್ಲಿ ಬರದಿದ್ದರೆ ಬೈನಾಕ್ಯುಲರಿನಲ್ಲೂ ಬರುವುದಿಲ್ಲ.

ಹಂತ 5: ಶ್ರವಣದ ಪಕ್ಕದ ‘ಇ’

ಬೈನಾಕ್ಯುಲರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಬಾರ್ನಾರ್ಡ್ 142 ಮತ್ತು 143, ಎರಡೂ ಸೇರಿ ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರದ ಆಕಾರ. ಕರ್ನಾಟಕದಿಂದ ಹೆಚ್ಚುಕಡಿಮೆ ನಡುನೆತ್ತಿಯ ಮೇಲೆ ಹಾದುಹೋಗುತ್ತದೆ, ಹಾಗಾಗಿ ದಿಗಂತದ ಮಬ್ಬಿನ ಚಿಂತೆಯಿಲ್ಲ.

ಶ್ರವಣ ನಕ್ಷತ್ರ ಎಂದು ನಾವು ಕರೆಯುವುದು ಒಂದೇ ಸಾಲಿನ ಮೂರು ಚುಕ್ಕೆಗಳನ್ನು. ನಡುವಿನದು ಎದ್ದು ಹೊಳೆಯುವ ಆಲ್ಟೇರ್. ಉತ್ತರದ ತುದಿಯಲ್ಲಿ, ಆಲ್ಟೇರಿನಿಂದ ಎರಡು ಡಿಗ್ರಿ ದೂರದಲ್ಲಿ, ಕಿತ್ತಳೆ ಛಾಯೆಯ ಟರಾಜೆಡ್ ಇದೆ. ಬೈನಾಕ್ಯುಲರಿನಲ್ಲಿ ಈ ಕಿತ್ತಳೆ ಚುಕ್ಕೆಯನ್ನು ಮೊದಲು ನಡುವಿಗೆ ತನ್ನಿ. ಫೋಕಸ್ ಅದರ ಮೇಲೇ ಮಾಡಿ: ಚುಕ್ಕೆ ಸೂಜಿಮೊನೆಯಾಗುವವರೆಗೆ ತಿರುಗಿಸಿ. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಮಂದ ನಕ್ಷತ್ರಗಳು ಹಿಟ್ಟಾಗಿ ಹರಡಿ ಕಪ್ಪಿನೊಳಗೆ ತುಂಬಿಕೊಳ್ಳುತ್ತವೆ. ಎಲ್ಲ ಸರಿಯಿದ್ದೂ ಕಾಣದೆ ಹೋಗುವುದಕ್ಕೆ ಮೊದಲ ಕಾರಣ ಇದೇ.

ಈಗ ಟರಾಜೆಡನ್ನು ನೋಟದ ಪೂರ್ವದ ಅಂಚಿಗೆ ಸರಿಸಿ. ಅದರಿಂದ ಪಡುವಣಕ್ಕೆ ಸುಮಾರು ಒಂದೂವರೆ ಡಿಗ್ರಿ, ಅಂದರೆ ಮೂರು ಪೂರ್ಣಚಂದ್ರರ ಅಗಲದಷ್ಟು ಆಚೆ ನೋಡಿ. ಉಪ್ಪಿನ ಹುಡಿ ಚೆಲ್ಲಿದಂಥ ನಕ್ಷತ್ರಗಳ ನಡುವೆ ಬೆರಳಿನಿಂದ ಒರೆಸಿದ ಹಾಗೆ ಗುರುತುಗಳಿವೆ. ಉತ್ತರದ ತುಂಡು, ಬಾರ್ನಾರ್ಡ್ 143, ಮೊದಲು ಸಿಗುತ್ತದೆ: ಎರಡು ಕೊಂಬು ಪಡುವಣಕ್ಕೆ ಚಾಚಿದ ಕೊಂಡಿಯ ಹಾಗೆ. ಅದರ ದಕ್ಷಿಣಕ್ಕೆ ಇನ್ನೊಂದು ಅಡ್ಡ ಪಟ್ಟಿ, ಬಾರ್ನಾರ್ಡ್ 142. ಇದು ಸ್ವಲ್ಪ ತಾಳ್ಮೆ ಬೇಡುತ್ತದೆ.

ಆಕಾರ ಒಮ್ಮೆಗೇ ‘ಇ’ ಎಂದು ಕಾಣದಿದ್ದರೆ ಗಾಬರಿ ಬೇಡ. ಸಂಜೆ ಪಡುವಣ ನೋಡುತ್ತ ಮಲಗಿದ್ದೀರೋ ಉತ್ತರ ನೋಡುತ್ತ ಕೂತಿದ್ದೀರೋ ಎಂಬುದರ ಮೇಲೆ ಅಕ್ಷರ ಮಲಗಿರುತ್ತದೆ, ತಿರುಗಿರುತ್ತದೆ. ಸರಿಯಾಗಿ ನಿಂತ ‘ಇ’ಯನ್ನೇ ಹುಡುಕಿದರೆ ಕಣ್ಮುಂದಿದ್ದದ್ದೂ ತಪ್ಪುತ್ತದೆ. ತಲೆಯ ಮೇಲಿನದ್ದನ್ನು ನಿಂತು ನೋಡಿದರೆ ಕೈ ನಡುಗುತ್ತದೆ, ಕುತ್ತಿಗೆ ಹಿಡಿಯುತ್ತದೆ. ಮಲಗಿ, ಬೈನಾಕ್ಯುಲರಿನ ತೂಕ ಹುಬ್ಬಿನ ಮೂಳೆಗೆ ಬಿಟ್ಟು ನೋಡಿ.

ಹಂತ 6: ಚುಂಗಾಣಿ ಮತ್ತು ಹಾವು

ಇದು ಮಾರ್ಚ್, ಏಪ್ರಿಲ್ ಬೆಳಗಿನ ಜಾವದ್ದು. ಕೆಂಪು ಜ್ಯೇಷ್ಠಾ ನಕ್ಷತ್ರದಿಂದ ಪೂರ್ವಕ್ಕೆ 12 ಡಿಗ್ರಿ, ಚಾಚಿದ ಕೈಯ ಮುಷ್ಟಿಗಿಂತ ತುಸು ಹೆಚ್ಚು ದೂರದಲ್ಲಿ, ಥೀಟಾ ಉರಗಧರ ಎಂಬ ಮಧ್ಯಮ ಹೊಳಪಿನ ನಕ್ಷತ್ರವಿದೆ. ಅದರ ದಕ್ಷಿಣಕ್ಕೆ ಬಳಸಿಕೊಂಡು, ಹೊಗೆಸೊಪ್ಪು ಸೇದುವ ಚುಂಗಾಣಿಯ ಆಕಾರದ ಏಳು ಡಿಗ್ರಿ ಉದ್ದದ ಮೋಡ. ಕೊಳವೆಯ ತುದಿ ಬಾರ್ನಾರ್ಡ್ 59, ನಡುವೆ 65, 66, 67, ಬಟ್ಟಲು ಬಾರ್ನಾರ್ಡ್ 78. ಆಗ್ನೇಯದಲ್ಲಿ ಏರುತ್ತಿರುವಾಗ ಕೊಳವೆ ಬಲಕ್ಕೆ ಮೇಲೆ, ಬಟ್ಟಲು ಎಡಕ್ಕೆ ಕೆಳಗೆ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೇ ಸಿಗುತ್ತದೆ. ಬೆಂಗಳೂರಿನಲ್ಲಿ ಇದು ಗರಿಷ್ಠ 51 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನವರಿಗೆ ದಿಗಂತದಿಂದ ಹನ್ನೆರಡು ಡಿಗ್ರಿ ಕೂಡ ಮೇಲೆದ್ದು ಬರುವುದಿಲ್ಲ. ವಿದೇಶಿ ಪುಸ್ತಕಗಳು ಇದನ್ನು ‘ಕಷ್ಟ’ ಎನ್ನುವುದು ಅವರ ಅಕ್ಷಾಂಶಕ್ಕೆ, ನಮ್ಮದಕ್ಕಲ್ಲ.

ಥೀಟಾದಿಂದ ಉತ್ತರಕ್ಕೆ ಒಂದೂವರೆ ಡಿಗ್ರಿಯೊಳಗೆ ಬಾರ್ನಾರ್ಡ್ 72 ಇದೆ, ‘ಎಸ್’ ಅಕ್ಷರದಂತೆ ಬಳುಕಿದ ಹಾವು. ಚುಂಗಾಣಿ ಸಿಕ್ಕವರಿಗೆಲ್ಲ ಹಾವು ಸಿಗುವುದಿಲ್ಲ. 6 ಇಂಚಿಗಿಂತ ದೊಡ್ಡ ಟೆಲಿಸ್ಕೋಪ್, ಅತಿ ಕಡಿಮೆ ಹಿಗ್ಗಿಸುವಿಕೆ ಬೇಕು.

ಹಂತ 7: ಧನು ರಾಶಿಯ ಮಸಿಚುಕ್ಕೆಗಳು

ಎಂ 24 ಎಂಬ ನಕ್ಷತ್ರ ಮೋಡ ಬರಿಗಣ್ಣಿಗೆ ಹತ್ತಿಯ ತುಣುಕಿನಂತೆ ಕಾಣುತ್ತದೆ. ಅದೊಂದು ನಕ್ಷತ್ರಗುಚ್ಛವಲ್ಲ, ದೂಳಿನ ನಡುವೆ ಬಿಟ್ಟುಕೊಂಡ ಕಿಟಕಿ. ಅದರ ಮೂಲಕ ಹತ್ತು ಸಾವಿರ ಜ್ಯೋತಿರ್ವರ್ಷದಷ್ಟು ಆಳಕ್ಕೆ ನೋಡುತ್ತೇವೆ. ಆ ಕಿಟಕಿಯ ವಾಯುವ್ಯ ಅಂಚಿನಲ್ಲಿ ಬಾರ್ನಾರ್ಡ್ 92 ಮಸಿ ತೊಟ್ಟಿಕ್ಕಿದ ಹಾಗಿದೆ. ಹಿನ್ನೆಲೆ ಇಷ್ಟು ದಟ್ಟವಾಗಿರುವುದರಿಂದ 10×50ರಲ್ಲೂ ಸಿಗುತ್ತದೆ. ಪಕ್ಕದ ಬಾರ್ನಾರ್ಡ್ 93ಕ್ಕೆ ಟೆಲಿಸ್ಕೋಪ್ ಇದ್ದರೆ ಒಳ್ಳೆಯದು.

ಟೆಲಿಸ್ಕೋಪಿನವರಿಗೆ ಇನ್ನೊಂದು: ಬಾರ್ನಾರ್ಡ್ 86. ಧನುವಿನ ಗ್ಯಾಮಾ ನಕ್ಷತ್ರದಿಂದ ಉತ್ತರಕ್ಕೆ ಎರಡೂವರೆ ಡಿಗ್ರಿ. ಎನ್‌ಜಿಸಿ 6520 ಎಂಬ ಪುಟ್ಟ ನಕ್ಷತ್ರಗುಚ್ಛಕ್ಕೆ ಅಂಟಿಕೊಂಡೇ ಇದೆ, ಹೊಳೆಯುವುದೂ ಕಪ್ಪೂ ಒಂದೇ ನೋಟದಲ್ಲಿ. ಇದರ ಅಗಲ ಚಂದ್ರನ ಆರನೇ ಒಂದು ಭಾಗ ಅಷ್ಟೇ. ಹಾಗಾಗಿ ‘ಅತಿ ಕಡಿಮೆ ಹಿಗ್ಗಿಸಿ’ ಎಂಬ ನಿಯಮ ಇಲ್ಲಿ ಸಡಿಲ, 50ರಿಂದ 80 ಪಟ್ಟು ಬೇಕು.

ಹಂತ 8: ತ್ರಿಶಂಕುವಿನ ಕಲ್ಲಿದ್ದಲ ಮೂಟೆ

ಕಲ್ಲಿದ್ದಲ ಮೂಟೆ, ಅಂದರೆ ಕೋಲ್‌ಸ್ಯಾಕ್, ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜದ ಪಕ್ಕದ ಕಪ್ಪು ನೀಹಾರಿಕೆ. ನಮ್ಮಿಂದ ಸುಮಾರು 600 ಜ್ಯೋತಿರ್ವರ್ಷ ದೂರ, ಆಕಾಶದಲ್ಲಿ ಏಳು ಡಿಗ್ರಿಯಷ್ಟು ಉದ್ದ. ಆಸ್ಟ್ರೇಲಿಯದ ಮೂಲನಿವಾಸಿಗಳು ಆಕಾಶಗಂಗೆಯ ಕಪ್ಪಿನಲ್ಲಿ ಕಾಣುವ ಎಮು ಹಕ್ಕಿಗೆ ಇದೇ ತಲೆ. ಲಡಾಖಿನ ಹಾನ್ಲೆಯಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವ ಕಡೆ, ಆಕಾಶ ಎಷ್ಟೇ ಕಪ್ಪಾಗಿದ್ದರೂ ಇದು ದಿಗಂತದ ಮೇಲೆ ಬರುವುದಿಲ್ಲ. ಕರ್ನಾಟಕದಲ್ಲಿ ಬರುತ್ತದೆ. 90ರಿಂದ ನಿಮ್ಮೂರಿನ ಅಕ್ಷಾಂಶ ಕಳೆಯಿರಿ, ಮತ್ತೆ 63 ಕಳೆಯಿರಿ (ಆಕಾಶದ ನಡುರೇಖೆಯಿಂದ ಇದು ಅಷ್ಟು ಡಿಗ್ರಿ ದಕ್ಷಿಣಕ್ಕಿದೆ), ಉಳಿದದ್ದು ಎತ್ತರ. ಬೆಂಗಳೂರು, ಮಂಗಳೂರಿಗೆ 14 ಡಿಗ್ರಿ, ಬೆಳಗಾವಿಗೆ 11, ಬೀದರಿಗೆ 9.

ಮೇ ಮೊದಲ ವಾರ ರಾತ್ರಿ ಹತ್ತೂಕಾಲರ ಆಸುಪಾಸಿಗೆ ತ್ರಿಶಂಕು ದಕ್ಷಿಣದಲ್ಲಿ ನೇರ ನಿಂತಿರುತ್ತದೆ. ಏಪ್ರಿಲ್ ಮೊದಲ ವಾರವಾದರೆ ಹನ್ನೆರಡೂಕಾಲು. ಅದರ ಎಡ ತೋಳಿನ ಕೆಳಗೆ, ಬುಡದ ನಕ್ಷತ್ರದ ಎಡಕ್ಕೆ ಬೈನಾಕ್ಯುಲರ್ ಹಿಡಿಯಿರಿ. 14 ಡಿಗ್ರಿಯಲ್ಲಿ ಬೆಳಕು ನೇರ ತಲೆಯ ಮೇಲಿಗಿಂತ ನಾಲ್ಕು ಪಟ್ಟು ಹೆಚ್ಚು ಗಾಳಿ ದಾಟಿ ಬರುತ್ತದೆ. ಹಾಗಾಗಿ ಚಿತ್ರಗಳಲ್ಲಿ ಕಾಣುವ ಕಡುಕಪ್ಪನ್ನು ನಿರೀಕ್ಷಿಸಬೇಡಿ. ದಕ್ಷಿಣದಲ್ಲಿ ಬೆಟ್ಟ, ಮರ, ಊರು ಏನೂ ಇರಬಾರದು.

ಇಲ್ಲಿನ ದೊಡ್ಡ ಮೋಸ ನಮ್ಮದೇ ಭೂಮಿಯ ಮೋಡ. ರಾತ್ರಿ ದಿಗಂತದ ಹತ್ತಿರದ ತುಂಡು ಮೋಡವೂ ನಕ್ಷತ್ರ ನುಂಗಿ ಕಪ್ಪಾಗಿಯೇ ಕಾಣುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಕಪ್ಪು ತ್ರಿಶಂಕುವಿನ ಜೊತೆಗೇ ಪಡುವಣಕ್ಕೆ ಸರಿದಿದ್ದರೆ ಸರಿ, ಅದನ್ನು ಬಿಟ್ಟು ಬೇರೆ ಕಡೆ ಹೋಗಿದ್ದರೆ ಮಳೆಯ ಸೂಚನೆ.

ಹಂತ 9: ಕ್ಯಾಮೆರಾ

ಟ್ರೈಪಾಡ್ ಮಾತ್ರ ಇದ್ದರೆ 24 ಮಿ.ಮೀ. ಲೆನ್ಸ್, ಎಫ್/2.8, ಐಎಸ್‌ಒ 3200. ಒಡ್ಡುವಿಕೆಯ (ಎಕ್ಸ್‌ಪೋಶರ್) ಕಾಲಕ್ಕೆ 500ನ್ನು ನಾಭಿದೂರದಿಂದ ಭಾಗಿಸಿ: ಪೂರ್ಣ ಚೌಕಟ್ಟಿನ ಕ್ಯಾಮೆರಾಕ್ಕೆ 20 ಸೆಕೆಂಡ್, ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರಿಗೆ 13. ಇದನ್ನು ಮೀರಿದರೆ ನಕ್ಷತ್ರ ಗೆರೆಯಾಗುತ್ತದೆ. ಒಂದೇ ಚಿತ್ರ ಸಾಲದು, ಕನಿಷ್ಠ 60 ತೆಗೆದು ಒಂದರ ಮೇಲೊಂದು ಕೂಡಿಸಿ. ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾದರೆ ಕಾಳುಕಾಳಾಗಿ ಕಾಣುವ ಗದ್ದಲ (ನಾಯ್ಸ್) ಅರ್ಧಕ್ಕಿಳಿಯುತ್ತದೆ. ಸಿರಿಲ್, ಡೀಪ್ ಸ್ಕೈ ಸ್ಟ್ಯಾಕರ್ ಎರಡೂ ಉಚಿತ ತಂತ್ರಾಂಶಗಳು.

ಆಕಾಶದ ಜೊತೆ ತಿರುಗುವ ಟ್ರ್ಯಾಕರ್ ಇದ್ದರೆ 135 ಮಿ.ಮೀ. ಲೆನ್ಸಿನಲ್ಲಿ 60 ಸೆಕೆಂಡಿನ ಚಿತ್ರಗಳು, ಐಎಸ್‌ಒ 800ರಿಂದ 1600, ಒಟ್ಟು ಎರಡರಿಂದ ನಾಲ್ಕು ಗಂಟೆ. ಟ್ರ್ಯಾಕರಿನ ಅಕ್ಷ ಧ್ರುವದ ಕಡೆಗಿರಬೇಕು. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ಕೇವಲ 13 ಡಿಗ್ರಿ ಎತ್ತರ, ಒಂದು ತೆಂಗಿನ ಮರ ಸಾಕು ಮರೆಮಾಡಲು. ಗುರಿ ದಕ್ಷಿಣದಲ್ಲಿದ್ದರೂ ಉತ್ತರ ತೆರೆದಿರುವ ಜಾಗವೇ ಬೇಕು ಎಂಬುದು ಹಲವರಿಗೆ ಅಲ್ಲಿ ಹೋದ ಮೇಲೆ ಹೊಳೆಯುತ್ತದೆ.

ಕೆಡುವುದು ಹೆಚ್ಚಾಗಿ ಮನೆಗೆ ಬಂದ ಮೇಲೆ. ಲೆನ್ಸಿನ ಅಂಚು ಸ್ವಾಭಾವಿಕವಾಗಿ ಕಪ್ಪಾಗಿರುತ್ತದೆ, ಅದನ್ನು ಸರಿಪಡಿಸಲು ‘ಫ್ಲ್ಯಾಟ್’ ಎಂಬ ಚಿತ್ರಗಳು ಬೇಕು: ಲೆನ್ಸಿನ ಮೇಲೆ ಬಿಳಿ ಬಟ್ಟೆ ಬಿಗಿದು, ಫೋಕಸ್ ಮುಟ್ಟದೆ, ಸಮನಾದ ಬೆಳಕಿಗೆ ಹಿಡಿದು 20, 30 ತೆಗೆಯುವುದು. ಇವಿಲ್ಲದೆ ಮೂಲೆಯ ಕಪ್ಪನ್ನೇ ನೀಹಾರಿಕೆ ಎಂದುಕೊಳ್ಳುವವರಿದ್ದಾರೆ. ಇನ್ನೊಂದು, ಊರಿನ ಬೆಳಕಿನ ಛಾಯೆ ತೆಗೆಯಲು ತಂತ್ರಾಂಶದಲ್ಲಿ ‘ಹಿನ್ನೆಲೆ ತೆಗೆ’ ಒತ್ತಿದರೆ ಅದು ತಾನಾಗಿ ಮಾದರಿ ಬಿಂದುಗಳನ್ನು ಇಡುತ್ತದೆ. ಕಪ್ಪು ಮೋಡದ ಮೇಲೂ ಇಡುತ್ತದೆ, ಅದನ್ನೂ ‘ದೋಷ’ ಎಂದು ಸಪಾಟು ಮಾಡುತ್ತದೆ. ರಾತ್ರಿಯಿಡೀ ಕಾದು ತೆಗೆದದ್ದು ಒಂದೇ ಕ್ಲಿಕ್ಕಿಗೆ ಹೋಯಿತು. ಮೋಡದ ಮೇಲಿನ ಬಿಂದುಗಳನ್ನು ಕೈಯಾರೆ ಅಳಿಸಿ, ಬಹುಪದಿಯ ಘಾತವನ್ನು (ಪಾಲಿನಾಮಿಯಲ್ ಡಿಗ್ರಿ) 1ರಲ್ಲೇ ಇಡಿ. ಆಗ ಅದು ಓರೆಯಾದ ಸಪಾಟು ಛಾಯೆಯನ್ನಷ್ಟೇ ತೆಗೆಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ಮಹಾವ್ಯಾಧನ ನಡುಪಟ್ಟಿಯ ಪೂರ್ವದ ನಕ್ಷತ್ರ ಆಲ್ನಿಟಾಕ್ ಪಕ್ಕ ಬಾರ್ನಾರ್ಡ್ 33, ಅಂದರೆ ಕುದುರೆ ತಲೆ. 1888ರ ಒಂದು ಹಾರ್ವರ್ಡ್ ಛಾಯಾಫಲಕದಲ್ಲಿ ವಿಲಿಯಮಿನಾ ಫ್ಲೆಮಿಂಗ್ ಗುರುತಿಸಿದ್ದು. ಇದರ ಹಿನ್ನೆಲೆ ನಕ್ಷತ್ರಗಳಲ್ಲ, 656 ನ್ಯಾನೊಮೀಟರಿನ ಕೆಂಪಿನಲ್ಲಿ ಹೊಳೆಯುವ ಹೈಡ್ರೋಜನ್. ಅದಕ್ಕೇ ಇಲ್ಲಿ ಫಿಲ್ಟರ್ ನಿಯಮ ತಿರುಗುಮುರುಗು. ಸಾಮಾನ್ಯ ಡಿಎಸ್‌ಎಲ್‌ಆರ್ ಒಳಗಿನ ಗಾಜು ಈ ಕೆಂಪಿನ ಬಹುಪಾಲನ್ನು ತಡೆಯುವುದರಿಂದ ಹೆಚ್ಚು ಹೊತ್ತು ಒಡ್ಡಬೇಕು. ಕಣ್ಣಿನಲ್ಲಿ ನೋಡಲು 10 ಇಂಚಿನ ಟೆಲಿಸ್ಕೋಪ್, ಹೈಡ್ರೋಜನ್ ಬೀಟಾ ಫಿಲ್ಟರ್, ಅಪ್ಪಟ ಕತ್ತಲೆ ಮೂರೂ ಬೇಕು. ಆಲ್ನಿಟಾಕ್ ಕಣ್ಣು ಕುಕ್ಕುತ್ತದೆ, ಅದನ್ನು ನೋಟದಿಂದ ಹೊರಗಿಡಿ.

ಹಂತ 10: ಎಣಿಸುವುದು

ಚಿತ್ರ ಕೈಗೆ ಬಂದ ಮೇಲೆ ಮೋಡದ ಕಪ್ಪನ್ನು ನೀವೇ ಅಳೆಯಬಹುದು. ಮೋಡದೊಳಗೆ ಒಂದು ಚೌಕ, ಪಕ್ಕದ ತುಂಬಿದ ಆಕಾಶದಲ್ಲಿ ಅಷ್ಟೇ ದೊಡ್ಡ ಚೌಕ. ಎರಡರಲ್ಲೂ ನಕ್ಷತ್ರ ಎಣಿಸಿ. ಹೊರಗೆ 160, ಒಳಗೆ 10 ಸಿಕ್ಕಿತು ಎಂದುಕೊಳ್ಳಿ, 16 ಪಟ್ಟು ವ್ಯತ್ಯಾಸ. ಆಕಾಶಗಂಗೆಯಲ್ಲಿ ಒಂದು ಕಾಂತಿಮಾನ ಮಂದವಾದರೆ ಎಣಿಕೆಗೆ ಸಿಗುವ ನಕ್ಷತ್ರಗಳು ಸ್ಥೂಲವಾಗಿ ಎರಡರಿಂದ ಎರಡೂವರೆ ಪಟ್ಟು ಕಡಿಮೆಯಾಗುತ್ತವೆ. ಆ ಲೆಕ್ಕದಲ್ಲಿ 16 ಪಟ್ಟು ಎಂದರೆ 3ರಿಂದ 4 ಕಾಂತಿಮಾನದ ತಡೆ. ಒಳಗಿನ ಹತ್ತರಲ್ಲಿ ಕೆಲವು ಮೋಡಕ್ಕಿಂತ ಈಚೆಗಿರುವ ನಕ್ಷತ್ರಗಳು, ಅವಕ್ಕೆ ಮೋಡದ ಗೊಡವೆಯಿಲ್ಲ. ಹಾಗಾಗಿ ನಿಜವಾದ ತಡೆ ನಿಮಗೆ ಸಿಕ್ಕಿದ್ದಕ್ಕಿಂತ ಹೆಚ್ಚೇ ಇರುತ್ತದೆ. ಚಿತ್ರವನ್ನು ಕಣ್ಣಿಗೆ ಚೆಂದ ಕಾಣುವಂತೆ ತಿದ್ದುವ ಮೊದಲೇ ಎಣಿಸಿ. ಗದ್ದಲ ತೆಗೆಯುವ ತಂತ್ರಾಂಶ ಮಂದ ನಕ್ಷತ್ರಗಳನ್ನೂ ಗದ್ದಲ ಎಂದೇ ಗುಡಿಸಿಹಾಕುತ್ತದೆ.